ಹಾಳೆಗಿಂತ ಚೀಟಿ ದೊಡ್ಡದು

ತುಮಕೂರು ಸೀಮೆಯಲ್ಲಿ ಮಾಗಳಿ ಬೇರಿನ ಉಪ್ಪಿನಕಾಯಿ ತಿಂದವರು ಬಹಳ. ಮಾಗಳಿಯ ಹೂವು ನೋಡಿದವರು ಕಡಿಮೆ. ಸಸ್ಯವಿಜ್ಞಾನಿಗೆ ಬೇರೊಂದೇ ಸಾಲದು. ಎಲೆ, ಹೂವು, ಸಿಕ್ಕರೆ ಕಾಯಿಯೂ ಇರುವ ಕೊಂಬೆ ಬೇಕು. ಅದನ್ನು ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಕೂರಿಸಿ, ವಿವರ ಬರೆದು ಕಾಪಾಡುವ ಭಂಡಾರವೇ ಹರ್ಬೇರಿಯಂ.

ಕೆಲಸ ಸರಳ, ಆದರೆ ತಾಳ್ಮೆ ಬೇಡುತ್ತದೆ. ಕಿತ್ತ ದಿನವೇ ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ ಪ್ರೆಸ್ಸಿನಲ್ಲಿ ಬಿಗಿಯಬೇಕು. ಒಂದೆರಡು ಎಲೆ ಮಗುಚಿಟ್ಟರೆ ಹಿಂಬದಿಯ ನರಗಳೂ ಕಾಣುತ್ತವೆ. ತೇವ ಹೀರಿದ ಕಾಗದವನ್ನು ದಿನಾ ಬದಲಿಸದಿದ್ದರೆ ಬೂಷ್ಟು ಖಂಡಿತ. ಬೇಲಿಯ ಮಂಗರವಳ್ಳಿಯಂಥ ರಸಭರಿತ ಗಿಡ ಪ್ರೆಸ್ಸಿನೊಳಗೂ ಬಹಳ ದಿನ ಜೀವ ಹಿಡಿದಿರುತ್ತದೆ. ಅದನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದುತ್ತಾರೆ. ಕುಣಿಗಲ್ ಕೆರೆಯ ನವಿರಾದ ನೀರುಗಿಡವಾದರೆ, ತಟ್ಟೆಯ ನೀರಿನಲ್ಲಿ ತೇಲಿಬಿಟ್ಟು ಕೆಳಗಿನಿಂದ ಹಾಳೆ ತೂರಿಸಿ ಎತ್ತಬೇಕು. ಒಣಗಿದ್ದಕ್ಕೆ ಹುಳುವಿನ ಕಾಟ. ಹಿಂದೆ ಪಾದರಸದ ವಿಷ ಬಳಿಯುತ್ತಿದ್ದರು, ಈಗ ಕಟ್ಟುಗಳನ್ನು ಕೊರೆಯುವ ಶೀತದಲ್ಲಿಟ್ಟು ಹುಳುಗಳನ್ನು ಕೊಲ್ಲುತ್ತಾರೆ.

ನನ್ನ ಮಟ್ಟಿಗೆ ಹಾಳೆಯ ಮೂಲೆಯ ಚೀಟಿಯೇ ಮುಖ್ಯ. ಒಣಗಿದ ಹೂವಿನ ಬಣ್ಣ ಹೋಗುತ್ತದೆ, ಮರದ ಎತ್ತರ ಕೊಂಬೆಯಲ್ಲಿ ಕಾಣದು. ಅದನ್ನೆಲ್ಲ ಚೀಟಿಯೇ ಹೇಳಬೇಕು. ‘ಕುಣಿಗಲ್’ ಎಂದಷ್ಟೇ ಬರೆದರೆ ಏನು ಸಿಕ್ಕಿತು? ‘ಹುಲಿಯೂರುದುರ್ಗ, ಬಂಡೆಯ ಸಂದಿ’ ಎಂದು ಬರೆದು, ತಾರೀಕು, ಕಿತ್ತವರ ಹೆಸರು ಸೇರಿಸಿದರೆ ಐವತ್ತು ವರ್ಷದ ನಂತರವೂ ಯಾರಾದರೂ ಅಲ್ಲಿಗೇ ಹೋಗಿ ಗಿಡ ಉಳಿದಿದೆಯೇ ನೋಡಬಹುದು. ಹೂ ಬಿಡುವ ಕಾಲ ಹಿಂದುಮುಂದಾಗಿದ್ದನ್ನು ಲೆಕ್ಕ ಹಾಕುವುದೂ ಆ ತಾರೀಕುಗಳಿಂದಲೇ. ಚೀಟಿಯ ಜೊತೆ ಎಲೆಯೂ ಕೆಲಸಕ್ಕೆ ಬರುತ್ತದೆ: 1840ರ ದಶಕದಲ್ಲಿ ಐರ್ಲೆಂಡಿಗೆ ಬರಗಾಲ ತಂದ ಆಲೂಗಡ್ಡೆ ರೋಗಾಣುವಿನ ತಳಿಯನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದ್ದು, ಹಳೆಯ ಹಾಳೆಗಳ ಎಲೆಯಿಂದ ತೆಗೆದ ಡಿಎನ್‌ಎಯಿಂದ.

ನಮ್ಮಲ್ಲಿ ಈ ಕೆಲಸವನ್ನು ಗಟ್ಟಿಯಾಗಿ ಮಾಡಿದವರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ. ಅಮೆರಿಕದ ಡ್ಯಾನ್ ನಿಕಲ್ಸನ್ ಜೊತೆ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರಲ್ಲಿ ಬಂತು. ಕರ್ನಾಟಕದ ಸಸ್ಯಸಂಪುಟಗಳು ಆಮೇಲೆ. ಅವರು ಕಟ್ಟಿದ ಸಂಗ್ರಹ ‘ಜೆಸಿಬಿ’ ಹರ್ಬೇರಿಯಂ ಎಂಬ ಹೆಸರಿನಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಬಿಎಸ್ಸಿ ಓದುವ ಮಕ್ಕಳು ಪರೀಕ್ಷೆಗೆಂದು ಗಿಡ ಒಣಗಿಸುತ್ತಾರೆ. ಅಂಕ ಬಿದ್ದ ಮೇಲೆ ಆ ಹಾಳೆಗಳು ರದ್ದಿಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್‌ನ ಅಧ್ಯಾಪಕರಲ್ಲಿ ಒಂದು ಕೋರಿಕೆ: ಚೀಟಿ ಸರಿಯಾಗಿರುವ ಹಾಳೆಗಳನ್ನು ಎಸೆಯಬೇಡಿ, ಬೀರುವೊಂದನ್ನು ಅವಕ್ಕೆ ಬಿಟ್ಟುಕೊಡಿ. ಅಪರೂಪದ ಗಿಡ ಸಿಕ್ಕರೆ ಎರಡನೆಯ ಪ್ರತಿ ಮಾಡಿ ದೊಡ್ಡ ಹರ್ಬೇರಿಯಂಗೆ ಕಳುಹಿಸಿ.