ರಾಷ್ಟ್ರಪತಿಗಳ ಅಧಿಕಾರಕ್ಕೆ ಎಲ್ಲೆ

ರಾಜ್ಯವೊಂದರ ಆಡಳಿತವು ರಾಜ್ಯಾಂಗದ ವಿಧಿಗಳಿಗನುಸಾರವಾಗಿ ನಡೆಯಲಾರದೆಂದು ರಾಷ್ಟ್ರಪತಿಗಳಿಗೆ ಮನದಟ್ಟಾದರೆ, ಅವರು ಅದನ್ನು ತಾವೇ ವಹಿಸಿಕೊಳ್ಳಬಹುದೆಂದು ನಮ್ಮ ರಾಜ್ಯಾಂಗದ ೩೫೬ನೆಯ ಅನುಚ್ಛೇದವು ಹೇಳುತ್ತದೆ. ರಾಷ್ಟ್ರಪತಿಗಳೆಂದರೆ ಇಲ್ಲಿ ಕೇಂದ್ರದ ಮಂತ್ರಿಮಂಡಲವೆಂದೇ ವಾಚಕರು ತಿಳಿಯಬೇಕು. ಅದರ ಸಲಹೆಯಂತೆಯೇ ಅವರು ನಡೆಯತಕ್ಕದ್ದು. ಹೀಗೆ ಮನದಟ್ಟಾದುದು ಸರಿಯೇ ಎಂದು ಕೇಳುವ ಹಕ್ಕು ಯಾರಿಗಾದರೂ ಉಂಟೇ? ಉಂಟೆಂದು ಸ್ಥಿರಪಟ್ಟುದು ನಮ್ಮ ಕರ್ನಾಟಕದ ವ್ಯಾಜ್ಯವೊಂದರಿಂದ.

೧೯೮೯ನೆಯ ಏಪ್ರಿಲಿನಲ್ಲಿ ಶ್ರೀ ಎಸ್. ಆರ್. ಬೊಮ್ಮಾಯಿಯವರು ಇಲ್ಲಿ ಮುಖ್ಯಮಂತ್ರಿಗಳಾಗಿದ್ದರು. ೧೯ ಮಂದಿ ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಕಾಗದಗಳು ರಾಜ್ಯಪಾಲರ ಕೈಸೇರಿದವು. ಅವರು ದೆಹಲಿಗೆ ವರದಿ ಕಳುಹಿದರು. ಒಡನೆಯೇ ಆ ೧೯ ಮಂದಿಯಲ್ಲಿ ಏಳು ಮಂದಿ, ತಮ್ಮಿಂದ ಸಹಿಯನ್ನು ತಪ್ಪು ತಿಳಿವಳಿಕೆಯಿಂದ ಪಡೆಯಲಾಯಿತೆಂದೂ ತಾವು ಸರಕಾರದ ಪರವೆಂದೂ ಬರೆದುಕೊಟ್ಟರು. ೨೭ನೆಯ ತಾರೀಖಿಗೆ ಸಭೆ ಸೇರುವುದೆಂದು ಗೊತ್ತಾಗಿತ್ತು. ಅಲ್ಲಿಯೇ ಬಹುಮತವನ್ನು ತೋರಿಸುವೆವು, ಬೇಕಾದರೆ ಮುಂಚಿತವಾಗಿಯೇ ಸಭೆ ಕರೆಯುವೆವು ಎಂದು ಬೊಮ್ಮಾಯಿಯವರು ಹೇಳಿದರು. ಆದರೂ ೨೧ನೆಯ ತಾರೀಖಿನಲ್ಲಿ ಘೋಷಣೆ ಹೊರಟಿತು. ಮಂತ್ರಿಮಂಡಲವೂ ಹೋಯಿತು, ವಿಧಾನಸಭೆಯೂ ವಿಸರ್ಜಿತವಾಯಿತು. ಆರು ದಿನ ತಾಳಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತೋ ನಾವರಿಯೆವು.

ಉಚ್ಚ ನ್ಯಾಯಾಲಯವು ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು. ಅವರು ಮೇಲಕ್ಕೆ ಹೋದರು. ೧೯೯೪ನೆಯ ಮಾರ್ಚ್ ೧೧ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ತೀರ್ಪಿತ್ತಿತು.

ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ತೀರ್ಪಿನ ಸಾರವು ಸುಲಭವಾಗಿ ತಿಳಿಯುತ್ತದೆ. ಬೆಟ್ಟದಲ್ಲಿ ಬೆಂಕಿಯುಂಟೆಂದು ಹೇಳುವವನು ಹೊಗೆಯನ್ನು ತೋರಿಸಬೇಕು, ಹೇತುವಿಲ್ಲದೆ ಅನುಮಿತಿಯಿಲ್ಲ. ರಾಷ್ಟ್ರಪತಿಗಳಿಗೆ ಮನದಟ್ಟಾದುದೂ ಒಂದು ಅನುಮಿತಿಯೇ. ಹೇತು ಇಷ್ಟು ಸಾಕೇ ಸಾಲದೇ ಎಂದು ನ್ಯಾಯಾಲಯವು ತೂಗಿ ನೋಡುವುದಿಲ್ಲ. ಅದು ಮಂತ್ರಿಗಳ ಕೆಲಸ. ಆದರೆ ಹೇತುವೆಂಬುದು ಇತ್ತೇ, ವಿಷಯಕ್ಕೆ ಸಂಬಂಧಪಟ್ಟುದೇ, ದುರುದ್ದೇಶದಿಂದ ಕಲ್ಪಿಸಿದ ಹೇತ್ವಾಭಾಸವಲ್ಲವಷ್ಟೆ ಎಂದು ಅವಶ್ಯವಾಗಿ ಕೇಳುತ್ತದೆ. ಬಹುಮತವನ್ನು ಎಣಿಸತಕ್ಕ ಸ್ಥಳ ಸಭಾಂಗಣವೇ ಹೊರತು ರಾಜಭವನವಲ್ಲ. ಪಾರ್ಲಿಮೆಂಟಿನ ಎರಡು ಸಭೆಗಳೂ ಘೋಷಣೆಯನ್ನು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಲೂ ಕೂಡದು. ಆಳುವವರು, ಶಾಸನ ಮಾಡುವವರು, ತೀರ್ಪು ಕೊಡುವವರು ತಂತಮ್ಮ ಮೇರೆಯಲ್ಲಿರಬೇಕೆಂಬ ತತ್ತ್ವವು ಇಲ್ಲಿ ಎಷ್ಟು ನಯವಾಗಿ ಕೂಡಿಬಂದಿದೆ ನೋಡಿರಿ!

ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಹೀಗೆ ರಾಜ್ಯಾಂಗವಿರುದ್ಧವೆನಿಸಿದವು. ೧೯೯೨ರ ಡಿಸೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಪ್ರದೇಶಗಳಲ್ಲಿ ಹೊರಟ ಘೋಷಣೆಗಳನ್ನು ಅದೇ ಪೀಠವು ಎತ್ತಿಹಿಡಿಯಿತು.

ಬೊಮ್ಮಾಯಿಯವರಿಗೆ ದೊರೆತುದೇನು? ೧೯೮೯ರ ನವೆಂಬರಿನಲ್ಲಿಯೇ ಇಲ್ಲಿ ಚುನಾವಣೆ ನಡೆದು ಹೊಸ ಸರಕಾರ ಬಂದಿತ್ತು. ಸುಮಾರು ಐದು ವರ್ಷ ಸಂದ ಮೇಲೆ ಬಂದ ತೀರ್ಪು ಹೋದ ಪದವಿಯನ್ನು ತರಲಿಲ್ಲ, ಮತ ಕೊಟ್ಟ ಜನರಿಗೆ ಅವರ ಸಭೆಯನ್ನೂ ಮರಳಿಸಲಿಲ್ಲ. ಇಂತಹ ವ್ಯಾಜ್ಯಗಳು ವಾರಗಳಲ್ಲಿ ಮುಗಿಯಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಪರರಿಗೆ ಮಾತ್ರ ಅದರಿಂದ ಪ್ರಯೋಜನವಾಯಿತು. ೨೦೧೬ನೆಯ ಮಾರ್ಚ್ ೨೮ರಂದು ಉತ್ತರಾಖಂಡದ ಮುಖ್ಯಮಂತ್ರಿ ಶ್ರೀ ಹರೀಶ್ ರಾವತರು ಬಹುಮತವನ್ನು ತೋರಿಸಬೇಕಾಗಿತ್ತು. ಹಿಂದಿನ ದಿನವೇ ಘೋಷಣೆ ಹೊರಟಿತು. ಅಲ್ಲಿಯ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟು ಆ ತೀರ್ಪನ್ನು ತಡೆಹಿಡಿದರೂ, ಮೇ ೧೦ರಂದು ಸಭೆಯಲ್ಲಿಯೇ ಮತ ತೆಗೆಯಬೇಕೆಂದು ಆಜ್ಞಾಪಿಸಿತು. ರಾವತರು ಗೆದ್ದರು, ಮರುದಿನ ರಾಷ್ಟ್ರಪತಿಗಳ ಆಳ್ವಿಕೆ ಹಿಂದಕ್ಕೆ ಸರಿಯಿತು.