ಕೈಪಿಡಿಯಲ್ಲಿಲ್ಲದ ಆಜ್ಞೆಗಳು

ರಾಯಚೂರು, ದೇವದುರ್ಗ, ಮಾನ್ವಿಗಳ ನಡುವೆ ಭೂಪಟದಲ್ಲಿ ಕಾಣದ ಬಂಡಿದಾರಿಗಳು ಅನೇಕ. ಗಣಕಯಂತ್ರದ ಮಿದುಳೆನಿಸಿದ ಮೈಕ್ರೊಪ್ರೊಸೆಸರಿನಲ್ಲಿಯೂ ಅಂಥ ದಾರಿಗಳಿದ್ದವು. 1976ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 8085ನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಅಭ್ಯಸಿಸಿದ್ದಾರೆ. ಸೊನ್ನೆ ಒಂದುಗಳನ್ನು ಎಂಟು ಸ್ಥಾನಗಳಲ್ಲಿ ಜೋಡಿಸಿದರೆ 256 ಸಂಕೇತಗಳಾಗುತ್ತವೆ. ಕೈಪಿಡಿಯು ವಿವರಿಸಿದುದು 246ನ್ನು ಮಾತ್ರ. ಉಳಿದ 10 ಸಂಕೇತಗಳೂ ಕೆಲಸಮಾಡುತ್ತಿದ್ದವು. ಒಂದಂತೂ 16 ಸ್ಥಾನಗಳ ಸಂಖ್ಯೆಯನ್ನು ಒಮ್ಮೆಗೇ ಕಳೆಯುತ್ತಿತ್ತು. ಅವನ್ನು ಒಪ್ಪಿಕೊಂಡರೆ ಮುಂದಿನ 8086ರಲ್ಲಿಯೂ ಅವಕ್ಕೆ ಎಡೆಮಾಡಿಕೊಡಬೇಕಾದೀತೆಂದು ತಯಾರಕರು ಮೌನ ತಾಳಿದರು. ಜಿಜ್ಞಾಸುಗಳು ಅವುಗಳ ಗುಣವನ್ನು ಪರೀಕ್ಷಿಸಿ 1979ರಲ್ಲಿ ಪ್ರಕಟಿಸಿದರು. ಆದರೆ ತಯಾರಕರೇ ಹೊಣೆ ಹೊರದ ಆಜ್ಞೆಯನ್ನು ನಂಬಿ ಬರೆದ ಪ್ರೋಗ್ರಾಮು ಹೊಸ ಮಾದರಿಯಲ್ಲಿ ನಡೆಯದೆ ಹೋಗಬಹುದು. ಶೋಧಿಸಲು ಕುತೂಹಲ ಬೇಕು. ಅವಲಂಬಿಸಲು ವಿವೇಕ ಬೇಕು.