ಗಿಳಿಮೀನು ಮೇಯುವ ಯುದ್ಧನೌಕೆ

ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ನಲ್ಲಿ ಬೆಳಗಾಗುವುದು ಗಾಳಿಯ ಸದ್ದಿನಿಂದ. ರಾತ್ರಿಯಿಡೀ ತೆಂಗಿನ ಗರಿಗಳನ್ನು ಪರಪರ ಅನ್ನಿಸಿದ ಅದೇ ಗಾಳಿ ಈಗ ಉಪ್ಪಿನ ವಾಸನೆ ಹೊತ್ತು ಕಿಟಕಿಗೆ ಬರುತ್ತದೆ. ಅದರ ಹಿಂದೆಯೇ ಸೈಕಲ್ಲುಗಳ ಕಿರುಗುಟ್ಟುವಿಕೆ. ಇಲ್ಲಿ ಯಾರಿಗೂ ಸ್ವಂತ ಕಾರಿಲ್ಲ. ಕೆಲಸಕ್ಕೆ, ಶಾಲೆಗೆ, ಕಡಲಿಗೆ ಎಲ್ಲಕ್ಕೂ ತುಕ್ಕು ಹಿಡಿದ ಚೈನಿನ ಸೈಕಲ್ಲೇ ಗತಿ. ಅಷ್ಟರಲ್ಲಿ ಈಬೈ ದ್ವೀಪದ ದೋಣಿ ಬಂದು ನಿಲ್ಲುತ್ತದೆ. ಅಡುಗೆಮನೆಗೆ, ರಿಪೇರಿ ಶೆಡ್ಡಿಗೆ, ತೋಟದ ಕೆಲಸಕ್ಕೆ ಬಂದ ಮಾರ್ಷಲ್ ಜನ ಇಳಿಯುತ್ತ ಪರಸ್ಪರ 'ಯೋಕ್ವೆ' ಅನ್ನುತ್ತಾರೆ. ನಮಸ್ಕಾರಕ್ಕೂ ಪ್ರೀತಿಗೂ ಅವರಲ್ಲಿ ಅದೊಂದೇ ಮಾತು. ಅವರ ಮನೆಯಂಗಳದಲ್ಲಿ ಬೆಳೆಯುವ ಹಣ್ಣು ಕಂಡರೆ ನಮ್ಮ ಕರಾವಳಿಯವರು ತಟ್ಟನೆ ಗುರುತು ಹಿಡಿಯುತ್ತಾರೆ: ಜೀಗುಜ್ಜೆ.

ಬನ್ನಿ, ನಾವು ದೋಣಿ ಹತ್ತೋಣ. ಪೆಸಿಫಿಕ್ಕಿನ ನಡುವೆ ಹವಳದ ಹುಳಗಳು ಕಟ್ಟಿದ ಬಳೆಯಂಥ ದಿಬ್ಬ ಈ ಕ್ವಾಜಲೀನ್. ಬಳೆಯ ಮೇಲೆ ತೊಂಬತ್ತಕ್ಕೂ ಹೆಚ್ಚು ಪುಟ್ಟ ದ್ವೀಪಗಳು, ಒಳಗೆ ಎರಡು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಒಳಗಡಲು. ನೆಲವನ್ನೆಲ್ಲ ಒಟ್ಟು ಮಾಡಿದರೂ 16 ಚದರ ಕಿಲೋಮೀಟರು ಅಷ್ಟೆ. ಎನುಬುಜ್ ದ್ವೀಪದ ಬಳಿ ದೋಣಿ ನಿಧಾನವಾಗುತ್ತದೆ. ಅಲೆಗಳ ನಡುವೆ ತುಕ್ಕು ಬಣ್ಣದ ಚುಕ್ಕಾಣಿ, ಪ್ರೊಪೆಲರಿನ ರೆಕ್ಕೆ ಎದ್ದು ನಿಂತಿವೆ. ಬೆನ್ನಿಗೆ ಗಾಳಿಯ ಸಿಲಿಂಡರು ಬಿಗಿದು ಮುಳುಗಿದರೆ ಮೊದಲು ಕಿವಿ ತುಂಬ ನಮ್ಮದೇ ಉಸಿರು, ಗುಳುಗುಳು ಗುಳ್ಳೆ. ಆಮೇಲೆ ಇನ್ನೊಂದು ಸದ್ದು, ಯಾರೋ ಕಲ್ಲುಸಕ್ಕರೆ ಕಡಿದಂತೆ ಕಟಕಟ. ನೀಲಿ ಹಸಿರು ಗಿಳಿಮೀನೊಂದು ಹವಳಕ್ಕೆ ಬಾಯಿ ಹಾಕಿದೆ. ತುಸು ಸರಿದು ಬಾಲದಡಿಯಿಂದ ಬಿಳಿ ಪುಡಿ ಉದುರಿಸುತ್ತದೆ. ಈ ದ್ವೀಪಗಳ ಮರಳಿನಲ್ಲಿ ಅದರದೂ ಒಂದು ಪಾಲು.

ಕೆಳಗೆ ಇಳಿದಷ್ಟೂ ಹಡಗು ಮುಗಿಯುವುದಿಲ್ಲ. ಇನ್ನೂರು ಮೀಟರಿಗೂ ಉದ್ದದ ಉಕ್ಕಿನ ಬೆಟ್ಟ, ಪೂರ್ತಿ ತಲೆಕೆಳಗು. ಹಿಂಭಾಗ ನೀರಿನ ಮೇಲಿದ್ದರೆ ಮೂತಿ ಮೂವತ್ತು ಮೀಟರಿಗೂ ಆಳದಲ್ಲಿ ಮಲಗಿದೆ. ಒಳಗೆ ನೆಲವೇ ಸೂರು, ಸೂರೇ ನೆಲ. ಕಾಲು ತಾಕಿದರೆ ಹೂಳೆದ್ದು, ಬಂದ ಬಾಗಿಲೇ ಕಾಣದಾಗುತ್ತದೆ. ಹೊರಗಿನಿಂದ ನೋಡಿ ಬರುವುದೇ ಜಾಣತನ.

ಇದು ಜರ್ಮನಿಯ ಪ್ರಿಂಜ್ ಓಯ್ಗೆನ್. 1941ರ ಮೇ 24ರಂದು ಬಿಸ್ಮಾರ್ಕ್ ಯುದ್ಧನೌಕೆಯ ಜೊತೆಗಿದ್ದು ಬ್ರಿಟನ್ನಿನ ಹುಡ್ ನೌಕೆಯ ಮೇಲೆ ಗುಂಡು ಸುರಿಸಿದ ಹಡಗು. ಮುಳುಗಿದ ಹುಡ್‌ನ 1,418 ಮಂದಿಯಲ್ಲಿ ಬದುಕಿದವರು ಮೂವರು. ಯುದ್ಧ ಮುಗಿದ ಮೇಲೆ ಅಮೆರಿಕದ ಪಾಲಾದ ಇದನ್ನು 1946ರ ಜುಲೈನಲ್ಲಿ ಬಿಕಿನಿ ದ್ವೀಪದ ಎರಡು ಅಣುಸ್ಫೋಟಗಳಿಗೆ ಒಡ್ಡಿದರು. ಎರಡರಲ್ಲೂ ಮುಳುಗಲಿಲ್ಲ. ಎಳೆದು ಇಲ್ಲಿಗೆ ತಂದರು. ಮೈಗೆಲ್ಲ ವಿಕಿರಣ ಅಂಟಿದ್ದರಿಂದ ಸೋರುವ ತೂತು ಮುಚ್ಚಲಾಗದೆ ಡಿಸೆಂಬರ್ 22ರಂದು ಮಗುಚಿತು. ಇದರ ಮೂರು ಪ್ರೊಪೆಲರ್‌ಗಳಲ್ಲಿ ಒಂದು ಈಗ ಜರ್ಮನಿಯ ಲಾಬೋದ ನೌಕಾ ಸ್ಮಾರಕದಲ್ಲಿದೆ. ಹೊಟ್ಟೆಯೊಳಗಿನ ಎಣ್ಣೆ ಮಾತ್ರ ಇಲ್ಲೇ ಉಳಿದಿತ್ತು. ತುಕ್ಕು ತಿಂದ ಟ್ಯಾಂಕು ಎಂದು ಒಡೆಯುವುದೋ ಎಂಬ ಭಯದಲ್ಲಿ ಮೀನನ್ನೇ ನಂಬಿದವರು ದಶಕಗಳನ್ನು ಕಳೆದರು. 2018ರಲ್ಲಿ ಅಮೆರಿಕದ ನೌಕಾಪಡೆ ಸುಮಾರು 2,29,000 ಗ್ಯಾಲನ್ ಎಣ್ಣೆಯನ್ನು ಹೊರತೆಗೆಯಿತು. ತಡವಾಗಿಯಾದರೂ ಒಳ್ಳೆಯ ಕೆಲಸ.

ಸಂಜೆ ದಡ ಸೇರಿ ಸಿಲಿಂಡರು ತೊಳೆಯುವ ಹೊತ್ತಿಗೆ ಕಟ್ಟೆಯಲ್ಲಿ ಈಬೈಗೆ ಮರಳುವ ದೋಣಿಗಾಗಿ ಸಾಲು ನಿಂತಿರುತ್ತದೆ. ಅಮೆರಿಕದ ಸೇನಾ ನೆಲೆಯಾದ, ಸಾವಿರ ಚಿಲ್ಲರೆ ಜನರ ಕ್ವಾಜಲೀನ್ ದ್ವೀಪದಲ್ಲಿ ಗಾಲ್ಫ್ ಮೈದಾನವಿದೆ, ಆದರೆ ಮಾರ್ಷಲ್ ಕೆಲಸಗಾರರು ರಾತ್ರಿ ಉಳಿಯುವಂತಿಲ್ಲ. ಅಮೆರಿಕ ತನ್ನ ಕ್ಷಿಪಣಿ ಪರೀಕ್ಷೆಗೆಂದು ದ್ವೀಪಗಳನ್ನು ತೆರವು ಮಾಡಿಸಿ ಅವರ ಹಿರಿಯರನ್ನು ಈಬೈಗೆ ಸಾಗಿಸಿತ್ತು. ನೆಲ ಅವರದು, ದೋಣಿಯ ಸಾಲೂ ಅವರದೇ; ಇದು ನ್ಯಾಯವಲ್ಲ. ದೋಣಿ ಹೊರಡುತ್ತದೆ. ಆಚೆ ದಡದ ಈಬೈಯಲ್ಲಿ ಸುಮಾರು 80 ಎಕರೆ ನೆಲವಿದೆ, ಅದರ ಮೇಲೆ ಎಂಟು ಸಾವಿರಕ್ಕೂ ಹೆಚ್ಚು ಜನ.